ಔಷಧಿ ಜಾಹೀರಾತಿನ ಕೆಲಸಕ್ಕೆ ಹೋಗಲಾ, ಬೇಡವಾ?

ಓದುಗರ ಪ್ರಶ್ನೆ: ನನಗೆ 25 ವರ್ಷ. ಊರು ವಿರಾಜಪೇಟೆ ಹತ್ತಿರ. ಬಿ.ಫಾರ್ಮ ಮುಗಿಸಿ ಎರಡು ವರ್ಷದಿಂದ ಗೋಣಿಕೊಪ್ಪದ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಬೆಂಗಳೂರಿನ ಒಂದು ಹೆಲ್ತ್‌ಕೇರ್ ಜಾಹೀರಾತು ಏಜೆನ್ಸಿಯಲ್ಲಿ ಜೂನಿಯರ್ ಮೆಡಿಕಲ್ ಕಾಪಿರೈಟರ್ ಕೆಲಸಕ್ಕೆ ಆಯ್ಕೆಯಾಗಿದೆ. ಹತ್ತು ದಿನದಲ್ಲಿ ಹೂಂ ಅಥವಾ ಇಲ್ಲ ಅನ್ನಬೇಕು. ನಮ್ಮ ಚಿಕ್ಕಪ್ಪ ಡಾಕ್ಟರ್. "ಅದು ಔಷಧಿ ಕಂಪನಿಗಳ ಸುಳ್ಳಿಗೆ ಬಣ್ಣ ಹಚ್ಚೋ ಕೆಲಸ, ಡಾಕ್ಟರಿಗೆ ಗಿಫ್ಟ್ ಕೊಡೋ ದಂಧೆ, ಹೋಗ್ಬೇಡ" ಅಂತಾರೆ. ಅಲ್ಲೇ ಇರುವ ಗೆಳತಿ ರಾತ್ರಿ ಎರಡು ಗಂಟೆ ತನಕ ಕೆಲಸ ಇರುತ್ತೆ ಅಂದಳು. ಇನ್ನೊಬ್ಬರು, ಎರಡೇ ವರ್ಷದಲ್ಲಿ ಎಐ ಬಂದು ಈ ಕೆಲಸವೇ ಇರಲ್ಲ ಅಂದರು. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷ್ ಓದೋಕೆ ತೊಂದರೆ ಇಲ್ಲ, ಬರೆಯೋಕೆ ಹೆದರಿಕೆ. ಅಪ್ಪನಿಗೆ ನಾಲ್ಕು ಎಕರೆ ಕಾಫಿ ತೋಟ ಇದೆ, ಮನೆಯಲ್ಲಿ ನಾನೊಬ್ಬಳೇ ಮಗಳು. ಸ್ವಲ್ಪ ದಿನ ಆದ ಮೇಲೆ ಊರಿಂದಲೇ ಈ ಕೆಲಸ ಮಾಡೋಕೆ ಆಗುತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು, ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಒಂದೇ. ಅಲ್ಲಿ ಹೋದರೆ ಸುಳ್ಳು ಬರೆದು ಸಂಬಳ ತಗೋಬೇಕಾಗುತ್ತದಾ ಅನ್ನೋದು. ನಿದ್ದೆ, ಎಐ, ಊರಿಂದ ಕೆಲಸ ಎಲ್ಲ ಅದರ ಆಮೇಲೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಈ ಕೆಲಸಕ್ಕೆ ಸೇರಿ ಹದಿನೇಳು ವರ್ಷ ಆಯಿತು. ಮೊದಲ ಹನ್ನೊಂದು ವರ್ಷ ಬೆಂಗಳೂರಿನ ಏಜೆನ್ಸಿಗಳಲ್ಲಿ, ಈಗ ಮಡಿಕೇರಿಯ ಮನೆಯಿಂದ.

ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ಗಿಫ್ಟಿನ ಮಾತು ಸುಮ್ನೆ ಹೇಳಿದ್ದಲ್ಲ. ಅವರು ಪ್ರ್ಯಾಕ್ಟೀಸ್ ಶುರು ಮಾಡಿದ ಕಾಲದಲ್ಲಿ ಅದನ್ನೆಲ್ಲ ಕಣ್ಣಾರೆ ನೋಡಿರುತ್ತಾರೆ. ಡಾಕ್ಟರುಗಳು ಕಂಪನಿಗಳಿಂದ ಉಡುಗೊರೆ ತಗೋಬಾರದು ಅಂತ ವೈದ್ಯಕೀಯ ಮಂಡಳಿ ನಿಯಮ ತಂದಿದ್ದೇ 2009ರ ಕೊನೆಯಲ್ಲಿ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ಉಡುಗೊರೆಯ ಖರ್ಚನ್ನು ಕಂಪನಿಗಳು ಆದಾಯ ತೆರಿಗೆಯಲ್ಲಿ ಕಳೆದು ತೋರಿಸುವ ಹಾಗಿಲ್ಲ ಅಂದಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಮಾರಾಟದ ನಡವಳಿಕೆಗೆ ಏಕರೂಪ ಸಂಹಿತೆ ಹೊರಡಿಸಿತು. ನಮ್ಮ ಕಡೆ ಎಲ್ಲರೂ ಅದನ್ನು ಯುಸಿಪಿಎಂಪಿ ಅಂತಾರೆ. ಡಾಕ್ಟರಿಗಾಗಲಿ ಅವರ ಮನೆಯವರಿಗಾಗಲಿ ಉಡುಗೊರೆ ಇಲ್ಲ. ಪುಸ್ತಕ, ಡೈರಿ, ಕ್ಯಾಲೆಂಡರ್‌ನಂಥ ಮಾಹಿತಿ ಕೊಡುವ ಸಾಮಾನು ಕೊಟ್ಟರೆ ಒಂದೊಂದರ ಬೆಲೆ ₹1000 ದಾಟಬಾರದು. ಸ್ಯಾಂಪಲ್‌ಗೂ ಲೆಕ್ಕ ಇದೆ. ಆದರೆ ಇದು ಸಂಹಿತೆ, ಸಂಸತ್ತು ಮಾಡಿದ ಕಾಯ್ದೆ ಅಲ್ಲ. ದೂರು ಬಂದರೆ ಮೊದಲು ನೋಡುವುದು ಔಷಧಿ ಕಂಪನಿಗಳ ಸಂಘದ್ದೇ ನೀತಿ ಸಮಿತಿ. ಹಾಗಾಗಿ ಎಲ್ಲ ಸರಿಹೋಯಿತು ಅಂತ ನಾನು ಹೇಳಲ್ಲ. ಸರಿಯಾದ ದಿಕ್ಕಿನಲ್ಲಿ ಹೋಗುತ್ತಿದೆ ಅಂತ ಮಾತ್ರ ಹೇಳಬಲ್ಲೆ.

ಇನ್ನೊಂದು ವಿಷಯ. ಗಿಫ್ಟ್ ಕೊಡೋದು, ಕೊಡದೇ ಇರೋದು ಕಂಪನಿಯ ಮಾರಾಟ ವಿಭಾಗದ ಕೆಲಸ. ನಿಮಗೆ ಸಿಕ್ಕಿರುವ ಕೆಲಸ ಅದಲ್ಲ. ಅದೇನು ಅಂತ ಹೇಳುತ್ತೇನೆ, ಆಮೇಲೆ ಚಿಕ್ಕಪ್ಪನ ಮೊದಲ ಮಾತಿಗೆ, ಅಂದರೆ ಸುಳ್ಳಿನ ಮಾತಿಗೆ ಬರೋಣ.

ನಮ್ಮ ದೇಶದಲ್ಲಿ ಡಾಕ್ಟರ ಚೀಟಿ ಬೇಕಾಗುವ ಔಷಧಿಯನ್ನು ಟಿವಿಯಲ್ಲಿ, ಪೇಪರಿನಲ್ಲಿ ಜನರಿಗೆ ನೇರವಾಗಿ ಜಾಹೀರಾತು ಮಾಡೋ ಹಾಗಿಲ್ಲ. ಅದಕ್ಕೆ ಪೂರ್ತಿ ಅವಕಾಶ ಇರುವುದು ಅಮೆರಿಕ, ನ್ಯೂಜಿಲೆಂಡ್ ಎರಡೇ ದೇಶಗಳಲ್ಲಿ. ಹಾಗಾಗಿ ಇಲ್ಲಿ ಹೆಲ್ತ್‌ಕೇರ್ ಏಜೆನ್ಸಿಯ ಬಹುಪಾಲು ಕೆಲಸ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಓದುಗರು ಡಾಕ್ಟರುಗಳು. ನಿಮ್ಮ ಅಂಗಡಿಗೆ ಬ್ಯಾಗ್ ಹಿಡಿದು ಬಂದು, ಯಾವ ಮಾತ್ರೆ ಎಷ್ಟು ಹೋಯಿತು ಅಂತ ಕೇಳುವ ಎಂ.ಆರ್.ಗಳನ್ನು, ಅಂದರೆ ಔಷಧಿ ಕಂಪನಿಯ ಪ್ರತಿನಿಧಿಗಳನ್ನು, ನೀವು ದಿನಾ ನೋಡಿದ್ದೀರಿ, ಅಲ್ವಾ? ಅವರು ಕ್ಲಿನಿಕ್ಕಿನ ಹೊರಗೆ ಒಂದು ಗಂಟೆ ಕಾದು, ಒಳಗೆ ಹೋದ ಮೇಲೆ ಸಿಗುವ ಒಂದೆರಡು ನಿಮಿಷದಲ್ಲಿ ಒಂದು ಫೋಲ್ಡರನ್ನೋ ಟ್ಯಾಬನ್ನೋ ತೆರೆದು ತೋರಿಸುತ್ತಾರಲ್ಲ, ಅದೇ ವಿಷುಯಲ್ ಏಡ್. ಅದರಲ್ಲಿರುವ ಪ್ರತಿ ಸಾಲು ಬರೆಯೋದು ನೀವು. ಜೊತೆಗೆ ಡಾಕ್ಟರ ಮೇಜಿನ ಮೇಲೆ ಬಿಟ್ಟುಬರುವ ಎಲ್‌ಬಿಎಲ್ ಅನ್ನೋ ಹಾಳೆ, ಡಾಕ್ಟರುಗಳ ಸಭೆಗೆ ಸ್ಲೈಡು, ಹೊಸ ಔಷಧಿ ಬಂದಾಗ ಅದರ ಬಗ್ಗೆ ಪೂರ್ತಿ ವಿವರದ ಕಿರುಪುಸ್ತಕ, ಅಂದರೆ ಮಾನೋಗ್ರಾಫ್, ರೋಗಿಗಳಿಗೆ ಕೊಡುವ ಕರಪತ್ರ. ಇವೂ ನಿಮ್ಮವೇ.

ಕೆಲಸ ಹೀಗೆ ನಡೆಯುತ್ತದೆ. ಕಂಪನಿಯ ಪಿಎಂಟಿ, ಅಂದರೆ ಆ ಬ್ರ್ಯಾಂಡ್ ನೋಡಿಕೊಳ್ಳುವ ತಂಡ, ಏಜೆನ್ಸಿಗೆ ಬ್ರೀಫ್, ಅಂದರೆ ಏನು ಬೇಕು ಅನ್ನೋ ವಿವರ, ಕೊಡುತ್ತದೆ. ಏಜೆನ್ಸಿಯಲ್ಲಿ ಕಂಪನಿಯ ಜೊತೆ ಮಾತಾಡುವ ಕ್ಲೈಂಟ್ ಸರ್ವಿಸಿಂಗ್‌ನವರು ಅದನ್ನು ಹಿಡಿದು ನಿಮ್ಮ ಬಳಿ ಬರುತ್ತಾರೆ. ನೀವು ಆ ಔಷಧಿಯ ಮೇಲೆ ಬಂದ ಸಂಶೋಧನಾ ಪ್ರಬಂಧಗಳನ್ನು ಹುಡುಕಿ ಓದುತ್ತೀರಿ. ಆರ್ಟ್‌ನವರ ಜೊತೆ ಕೂತು ಪುಟ ಕಟ್ಟುತ್ತೀರಿ. ಒಂದೊಂದು ಕ್ಲೇಮಿನ, ಅಂದರೆ ಔಷಧಿಯ ಬಗ್ಗೆ ನಾವು ಹೇಳುವ ಮಾತಿನ, ತಲೆಯ ಮೇಲೂ ಒಂದು ಸಣ್ಣ ಅಂಕಿ ಇರುತ್ತದೆ. ಆ ಅಂಕಿ ಯಾವ ಪ್ರಬಂಧದ ಎಷ್ಟನೇ ಪುಟದ ಯಾವ ಸಾಲಿಗೆ ಹೋಗುತ್ತದೆ ಅಂತ ಪಿಡಿಎಫ್‌ನಲ್ಲಿ ಹಳದಿ ಬಣ್ಣ ಹಚ್ಚಿ ಕಳಿಸಬೇಕು. ಆಮೇಲೆ ಕಂಪನಿಯ ವೈದ್ಯಕೀಯ, ಕಾನೂನು, ನಿಯಂತ್ರಣ ವಿಭಾಗದವರು ಅದನ್ನು ನೋಡಿ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ಎರಡು ಸಲ, ಮೂರು ಸಲ, ಕೆಲವೊಮ್ಮೆ ಏಳು ಸಲ.

ಈಗ ಸುಳ್ಳಿನ ವಿಷಯ. ಹದಿನೇಳು ವರ್ಷದಲ್ಲಿ ಯಾರೂ ನನಗೆ "ಸುಳ್ಳು ಬರಿ" ಅಂತ ಹೇಳಿಲ್ಲ. ಹಾಗೆ ಹೇಳಿದ್ದರೆ ಸುಲಭವಾಗಿ ಆಗಲ್ಲ ಅನ್ನಬಹುದಿತ್ತು. ಅಪಾಯ ಬರುವ ದಾರಿ ಬೇರೆ. ಒಂದು ಲೆಕ್ಕ ಹೇಳುತ್ತೇನೆ. ಔಷಧಿ ತಗೊಳ್ಳದ 100 ಜನರಲ್ಲಿ 2 ಜನರಿಗೆ ಹೃದಯಾಘಾತ ಆಯಿತು, ತಗೊಂಡ 100 ಜನರಲ್ಲಿ ಒಬ್ಬರಿಗೆ ಆಯಿತು ಅಂದುಕೊಳ್ಳಿ. ಇದನ್ನು "ಹೃದಯಾಘಾತ 50% ಕಡಿಮೆ" ಅಂತ ದೊಡ್ಡ ಅಕ್ಷರದಲ್ಲಿ ಬರೆಯಬಹುದು. ಲೆಕ್ಕ ಸರಿ. "100 ಜನರಿಗೆ ಕೊಟ್ಟರೆ ಒಬ್ಬರಿಗೆ ತಪ್ಪುತ್ತದೆ" ಅಂತಲೂ ಬರೆಯಬಹುದು. ಅದೂ ಸರಿ. ಎರಡನ್ನೂ ಓದಿದ ಡಾಕ್ಟರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಒಂದೇ ಅಲ್ಲ. ಮೊದಲನೇ ಸಾಲು ಮೇಲೆ, ಎರಡನೇ ಸಾಲು ಎಲ್ಲೂ ಇಲ್ಲ ಅಂದರೆ ನೀವು ಸುಳ್ಳು ಹೇಳದೇ ದಾರಿ ತಪ್ಪಿಸಿದ ಹಾಗಾಯಿತು.

ನಾನೇ ಇಂಥದ್ದು ಮಾಡಿದ್ದೇನೆ. ಎರಡನೇ ವರ್ಷದಲ್ಲಿ ಒಂದು ನೋವಿನ ಮಾತ್ರೆಯ ವಿಷುಯಲ್ ಏಡ್‌ಗೆ ಕಂಬದ ಗ್ರಾಫ್ ಹಾಕಿದೆವು. ನಮ್ಮ ಮಾತ್ರೆಗೆ 78, ಇನ್ನೊಂದಕ್ಕೆ 72. ಗ್ರಾಫಿನ ತಳ 0 ಯಿಂದ ಶುರುವಾಗಿದ್ದರೆ ಎರಡು ಕಂಬವೂ ಹೆಚ್ಚೂಕಮ್ಮಿ ಒಂದೇ ಎತ್ತರ. ತಳವನ್ನು 70ಕ್ಕೆ ಇಟ್ಟೆವು. ನಮ್ಮ ಕಂಬ ನಾಲ್ಕು ಪಟ್ಟು ಎತ್ತರ ಕಂಡಿತು. ಅಂಕಿ ಒಂದೂ ತಪ್ಪಿರಲಿಲ್ಲ, ಕಂಪನಿಯಲ್ಲೂ ಪಾಸ್ ಆಯಿತು. ಆ ವರ್ಷ ಹುತ್ತರಿಗೆ ಊರಿಗೆ ಬಂದಾಗ, ಪರಿಚಯದ ಡಾಕ್ಟರೊಬ್ಬರ ಮೇಜಿನ ಮೇಲೆ ಅದೇ ಹಾಳೆ ಇತ್ತು. ಅವರು ಗ್ರಾಫಿನ ಬುಡಕ್ಕೆ ಪೆನ್ನು ಇಟ್ಟು, "ಇಲ್ಲಿ ನೋಡಿ, ಕಾಲು ಕತ್ತರಿಸಿ ಎತ್ತರ ತೋರಿಸಿದ್ದಾರೆ" ಅಂದರು. ಬರೆದದ್ದು ನಾನು ಅಂತ ಅವರಿಗೆ ಗೊತ್ತಿರಲಿಲ್ಲ. ಅವತ್ತು ನಾನು ಬಾಯಿ ಬಿಡಲಿಲ್ಲ. ಅದಾದ ಮೇಲೆ ಕಾಲು ಕತ್ತರಿಸಿದ ಒಂದು ಗ್ರಾಫನ್ನೂ ನನ್ನ ಕೈಯಿಂದ ಹೊರಗೆ ಹೋಗಲು ಬಿಟ್ಟಿಲ್ಲ.

ಹಾಗಾಗಿ ಚಿಕ್ಕಪ್ಪನಿಗೆ ನನ್ನ ಉತ್ತರ ಇದು. ಈ ಕೆಲಸದಲ್ಲಿ ಬಣ್ಣ ಹಚ್ಚುವವರೂ ಇದ್ದಾರೆ, ಬಣ್ಣ ಹಚ್ಚುವಾಗ ಕೈ ಹಿಡಿದು "ಇದು ಪ್ರಬಂಧದಲ್ಲಿ ಇಲ್ಲ" ಅನ್ನುವವರೂ ಇದ್ದಾರೆ. ಎರಡನೆಯವರ ಹುದ್ದೆಗೇ ಮೆಡಿಕಲ್ ಕಾಪಿರೈಟರ್ ಅನ್ನೋದು. ಬಿ.ಫಾರ್ಮ ಓದಿದವರನ್ನು ಕರೆದು ಸಂಬಳ ಕೊಡುವುದೇ ಅದಕ್ಕೆ. ನಿಯಮವೂ ಈಗ ನಿಮ್ಮ ಬೆನ್ನಿಗಿದೆ. ಆ 2024ರ ಸಂಹಿತೆಯ ಪ್ರಕಾರ "ಸೇಫ್" ಅನ್ನೋ ಪದವನ್ನು ಹಾಗೇ ಒಂಟಿಯಾಗಿ ಹಾಕೋ ಹಾಗಿಲ್ಲ. ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ಬರೆಯೋ ಹಾಗಿಲ್ಲ. ದೇಶದಲ್ಲಿ ಸಿಗಲು ಶುರುವಾಗಿ ಒಂದು ವರ್ಷ ದಾಟಿದ ಔಷಧಿಗೆ "ಹೊಸದು" ಅನ್ನೋ ಹಾಗಿಲ್ಲ. ಮೀಟಿಂಗಿನಲ್ಲಿ ಒಬ್ಬಳೇ ಜೂನಿಯರ್ ಆಗಿ ಕೂತು ಬೇಡ ಅನ್ನೋದು ಕಷ್ಟ. ಬೆರಳಿಟ್ಟು ತೋರಿಸಲು ಒಂದು ಸಾಲು ಇದ್ದರೆ ಧೈರ್ಯ ಬರುತ್ತದೆ.

"ನಾವು ಬರೀ ಏಜೆನ್ಸಿ, ಜವಾಬ್ದಾರಿ ಕಂಪನಿಯದ್ದು" ಅನ್ನುವ ಮಾತನ್ನು ಅಲ್ಲಿ ಯಾರಾದರೂ ನಿಮಗೆ ಹೇಳೇ ಹೇಳುತ್ತಾರೆ. ನಂಬಬೇಡಿ. ಅಮೆರಿಕದಲ್ಲಿ ಓಪಿಯಾಯ್ಡ್ ನೋವಿನ ಮಾತ್ರೆಗಳ ಚಟಕ್ಕೆ ಲಕ್ಷಾಂತರ ಜನ ಬಿದ್ದರಲ್ಲ, ಆ ಮಾತ್ರೆಗಳ ಪ್ರಚಾರಕ್ಕೆ ಕೆಲಸ ಮಾಡಿದ್ದಕ್ಕೆ ಪಬ್ಲಿಸಿಸ್ ಹೆಲ್ತ್ ಅನ್ನುವ ಏಜೆನ್ಸಿ 2024ರ ಫೆಬ್ರವರಿಯಲ್ಲಿ ಅಲ್ಲಿನ ರಾಜ್ಯಗಳಿಗೆ 35 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ತಪ್ಪು ಮಾಡಿದ್ದೇವೆ ಅಂತ ಅವರು ಒಪ್ಪಲಿಲ್ಲ, ಆದರೆ ದುಡ್ಡು ಕೊಟ್ಟರು. ನಮ್ಮಲ್ಲೂ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ, ಜಾಹೀರಾತು ಹೊರಗೆ ಬರುವುದರಲ್ಲಿ ಪಾಲು ತಗೊಂಡವರನ್ನೂ ಹಿಡಿಯುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಎತ್ತರ ಹೆಚ್ಚಿಸುವುದು, ಇವೆಲ್ಲ ಆ ಕಾಯ್ದೆಯ ಪಟ್ಟಿಯಲ್ಲಿವೆ. ಇವನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡೋದು ಅಪರಾಧ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಅದಕ್ಕೇ ಏಜೆನ್ಸಿ ಯಾವುದು ಅನ್ನೋದು ಬಹಳ ಮುಖ್ಯ. ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಿ. ನಿಮ್ಮಲ್ಲಿ ಯಾವ ಯಾವ ಥರದ ಕೆಲಸ ಇದೆ, ಚೀಟಿ ಔಷಧಿಯದ್ದಾ, ಆಸ್ಪತ್ರೆಯದ್ದಾ, ಪೌಡರು ಟಾನಿಕ್ಕಿನದ್ದಾ? ನಾನು ಬರೆದದ್ದನ್ನು ಏಜೆನ್ಸಿಯೊಳಗೆ ಯಾರು ನೋಡುತ್ತಾರೆ, ಅವರು ಏನು ಓದಿದ್ದಾರೆ? ರೆಫರೆನ್ಸ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಬೇರೆ ಒಬ್ಬರಿದ್ದಾರಾ? ಒಂದು ಬ್ರ್ಯಾಂಡಿನ ಕೆಲಸ ಮನಸ್ಸಿಗೆ ಒಪ್ಪದಿದ್ದರೆ ಬೇಡ ಅನ್ನಬಹುದಾ? ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ. ಕೇಳಿ. ಒಳ್ಳೆಯ ಜಾಗದಲ್ಲಿ ಈ ಪ್ರಶ್ನೆಗೆ ಯಾರೂ ಸಿಟ್ಟಾಗಲ್ಲ. ರೆಫರೆನ್ಸ್ ನೋಡಲು ಯಾರೂ ಇಲ್ಲ, ಕ್ಲೈಂಟ್ ಹೇಳಿದ್ದನ್ನೇ ಚೆಂದ ಮಾಡಿ ಬರೆಯೋದು ಅಂದರೆ, ಸಂಬಳ ಎಷ್ಟೇ ಇರಲಿ, ಹೋಗಬೇಡಿ ಅಂತಲೇ ನನ್ನ ಸಲಹೆ. ಮೊದಲ ಎರಡು ವರ್ಷದಲ್ಲಿ ಕೈಗೆ ಯಾವ ಅಭ್ಯಾಸ ಬೀಳುತ್ತದೋ ಅದೇ ಉಳಿಯುತ್ತದೆ.

ಇನ್ನು ಕನ್ನಡ ಮಾಧ್ಯಮದ ಹೆದರಿಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಬೇಜಾರಾದ ಸಾಲು ಅದು.

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕಾಗಿರುವುದು ದೊಡ್ಡ ದೊಡ್ಡ ಪದದ ಇಂಗ್ಲಿಷ್ ಅಲ್ಲ. ಡಾಕ್ಟರಿಗೆ ಓದಲು ಸಮಯ ಇರಲ್ಲ, ಚಿಕ್ಕ ವಾಕ್ಯ ಬೇಕು, ಸರಿಯಾದ ಅಂಕಿ ಬೇಕು. ಪ್ರಬಂಧವನ್ನು ಕೊನೆಯ ಟೇಬಲ್ ತನಕ ತಾಳ್ಮೆಯಿಂದ ಓದುವವರಿಗೆ ಅಂಥ ವಾಕ್ಯ ಬರೆಯಲು ಆರೇಳು ತಿಂಗಳಲ್ಲಿ ಬರುತ್ತದೆ. ಚೆಂದದ ಇಂಗ್ಲಿಷ್ ಇದ್ದು ಟೇಬಲ್ ಓದದವರನ್ನು ತಿದ್ದೋದು ಇದಕ್ಕಿಂತ ಕಷ್ಟ ಅನ್ನೋದು ನನ್ನ ಅನುಭವ.

ಮತ್ತೆ ನಿಮ್ಮ ಕನ್ನಡ. ಕೆಲವು ವರ್ಷದ ಹಿಂದೆ ಇನ್‌ಹೇಲರ್ ಬಳಸುವವರಿಗೆ ಒಂದು ಕರಪತ್ರ ಮಾಡಬೇಕಿತ್ತು. ಇಂಗ್ಲಿಷಿನಲ್ಲಿ ಬರೆದು ಎಂಟು ಭಾಷೆಗೆ ಅನುವಾದಕ್ಕೆ ಕೊಟ್ಟಿದ್ದರು. ಕನ್ನಡದಲ್ಲಿ ಬಂದದ್ದು "ಅಂತಃಶ್ವಸನದ ಮೂಲಕ ಸೇವಿಸತಕ್ಕದ್ದು" ಅಂತ. ನಾನು ಅದನ್ನು ಸಿದ್ದಾಪುರದ ಹತ್ತಿರ ಒಂದು ತೋಟದ ಲೈನ್ ಮನೆಗೆ ತಗೊಂಡು ಹೋಗಿ, ಉಬ್ಬಸ ಇದ್ದ ಒಬ್ಬರು ಹೆಂಗಸಿಗೆ ಓದಿ ಹೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಇನ್‌ಹೇಲರ್ ತಂದು ತೋರಿಸಿದರು. ಬಾಯಿಗೆ ಸ್ಪ್ರೇ ಹೊಡೆದುಕೊಂಡು ನುಂಗುತ್ತಿದ್ದರು. ಹಾಗೆ ಮಾಡಿದರೆ ಔಷಧಿ ಶ್ವಾಸಕೋಶಕ್ಕೆ ಸರಿಯಾಗಿ ಹೋಗುವುದೇ ಇಲ್ಲ. ಎಷ್ಟು ತಿಂಗಳು ಹಾಗೆ ತಗೊಂಡಿದ್ದರೋ! ಅವತ್ತು ಅವರ ಮುಂದೆಯೇ ಕೂತು ಹೊಸದಾಗಿ ಬರೆದೆ. ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ ಹಿಡಿದು, ಒತ್ತುವಾಗಲೇ ನಿಧಾನವಾಗಿ ಉಸಿರು ಒಳಗೆ ಎಳೆಯಿರಿ. ಹತ್ತು ಎಣಿಸುವ ತನಕ ಉಸಿರು ಹಿಡಿದಿಡಿ. ಅದು ಸ್ಟೀರಾಯ್ಡ್ ಇನ್‌ಹೇಲರ್ ಆದ್ದರಿಂದ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಅಂತ ಕೊನೆಯ ಸಾಲು. ಎರಡನೇ ಸಲಕ್ಕೆ ಅವರು ಸರಿಯಾಗಿ ಮಾಡಿ ತೋರಿಸಿದರು. ನನ್ನ ಹದಿನೇಳು ವರ್ಷದ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಐದು ಸಾಲು ಅವು.

ಥೈರಾಯ್ಡ್ ಮಾತ್ರೆಯದ್ದೂ ಅದೇ ಕಥೆ. "ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ" ಅಂತ ಬರೆದರೆ ಸಾಕು ಅಂತ ಬೆಂಗಳೂರಿನಲ್ಲಿ ಕೂತವರು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಎದ್ದ ಕೂಡಲೇ ಬೆಲ್ಲದ ಕಾಫಿ ಕುಡಿಯದೇ ಯಾರಿಗಾದರೂ ದಿನ ಶುರುವಾಗುತ್ತಾ? ಕಾಫಿಯನ್ನು ಯಾರೂ ತಿಂಡಿ ಅಂತ ಲೆಕ್ಕ ಹಾಕಲ್ಲ. ಹೊಟ್ಟೆ ಖಾಲಿ ಇದೆ ಅಂತಲೇ ಕಾಫಿ ಜೊತೆ ಮಾತ್ರೆ ನುಂಗುತ್ತಾರೆ. ಕಾಫಿ ಜೊತೆ ತಗೊಂಡರೆ ಲೆವೊಥೈರಾಕ್ಸಿನ್ ಸರಿಯಾಗಿ ದೇಹಕ್ಕೆ ಹೋಗಲ್ಲ. ಕೊಡಗಿನ ರೋಗಿಗೆ ಬರೆಯಬೇಕಾದ ಸಾಲು "ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ, ಅದಾಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ" ಅಂತ. ಕೌಂಟರಿನಲ್ಲಿ ನಿಂತು ಎರಡು ವರ್ಷ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿದವರು ನೀವು. ನಿಮಗೆ ಇದು ಹೊಳೆಯುತ್ತದೆ. ಬೇರೆಯವರಿಗೆ ಹೊಳೆಯಲ್ಲ.

ಈ ಥರದ ಕೆಲಸಕ್ಕೆ ಹೊರಗೆ ಗೌರವವೂ ಇದೆ. ಮೆಕ್‌ಕ್ಯಾನ್ ಹೆಲ್ತ್‌ನ ನಮ್ಮ ದೇಶದ ತಂಡ ಆಫ್ಘಾನಿಸ್ತಾನದ ಆರೋಗ್ಯ ಸಚಿವಾಲಯಕ್ಕೆ ಮಾಡಿಕೊಟ್ಟ "ಇಮ್ಯುನಿಟಿ ಚಾರ್ಮ್" ಅನ್ನುವ ಮಣಿಯ ಬಳೆಗೆ 2017ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ನಡೆಯುವ ಜಾಹೀರಾತು ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು. ಅಲ್ಲಿ ಮಗುವಿಗೆ ದೃಷ್ಟಿ ತಾಗಬಾರದು ಅಂತ ಕೈಗೆ ಮಣಿ ಕಟ್ಟುತ್ತಾರೆ, ನಮ್ಮಲ್ಲಿ ಕರಿಮಣಿ ಕಟ್ಟುವ ಹಾಗೆ. ಪ್ರತಿ ಲಸಿಕೆಗೂ ಒಂದು ಬಣ್ಣದ ಮಣಿ ಸೇರಿಸುತ್ತಾ ಹೋದರು. ಮಗುವಿನ ಕೈ ನೋಡಿದರೆ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ದಿನಾ ಇಂಥ ಕೆಲಸ ಸಿಗಲ್ಲ. ಹತ್ತರಲ್ಲಿ ಒಂಬತ್ತು ದಿನ ನೀವು ಬಿಪಿ ಮಾತ್ರೆಯ ಆರನೇ ತಿದ್ದುಪಡಿ ಮಾಡುತ್ತಿರುತ್ತೀರಿ.

ನಿಮ್ಮ ಗೆಳತಿ ಹೇಳಿದ ರಾತ್ರಿ ಎರಡು ಗಂಟೆ ನಿಜ. ಆದರೆ ದಿನಾ ಅಲ್ಲ. ಯಾಕೆ ಹಾಗಾಗುತ್ತದೆ ಅಂತ ಗೊತ್ತಿದ್ದರೆ ಸಹಿಸೋದು ಸ್ವಲ್ಪ ಸುಲಭ. ಹೆಚ್ಚಿನ ಕಂಪನಿಗಳು ಎರಡು ಮೂರು ತಿಂಗಳಿಗೊಮ್ಮೆ ಎಂ.ಆರ್.ಗಳನ್ನೆಲ್ಲ ಸೇರಿಸಿ ಸೈಕಲ್ ಮೀಟಿಂಗ್ ಮಾಡುತ್ತವೆ. ಅವತ್ತಿಗೆ ಹೊಸ ವಿಷುಯಲ್ ಏಡ್ ಕೈಯಲ್ಲಿರಬೇಕು. ಆ ದಿನಾಂಕ ಮುಂದಕ್ಕೆ ಹೋಗಲ್ಲ. ಕಂಪನಿಯ ಒಳಗಿನ ಒಪ್ಪಿಗೆ ಮಾತ್ರ ತಡವಾಗುತ್ತದೆ. ಸಂಜೆ ಆರಕ್ಕೆ ಕೆಂಪು ಗುರುತು ಹಾಕಿದ ಹಾಳೆ ಬರುತ್ತದೆ, ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು ಅಂತಾರೆ. ನಡುವಿನ ರಾತ್ರಿ ಏಜೆನ್ಸಿಯದ್ದು. ಹೊಸ ಕ್ಲೈಂಟ್ ಹಿಡಿಯಲು ಪಿಚ್ ಮಾಡುವಾಗಲೂ ಹೀಗೇ. ಅದು ಬರದ ವಾರಗಳಲ್ಲಿ ಏಳು ಗಂಟೆಗೆ ಮನೆಗೆ ಹೋಗಬಹುದು. ರಾತ್ರಿ ತಡವಾದರೆ ಮನೆ ತನಕ ಗಾಡಿ ಕೊಡುತ್ತಾರಾ, ಮರುದಿನ ತಡವಾಗಿ ಬರಬಹುದಾ ಅಂತ ಕೇಳಿಟ್ಟುಕೊಳ್ಳಿ. ತಿಂಗಳಲ್ಲಿ ಎರಡು ಮೂರು ರಾತ್ರಿ ಅಂದರೆ ಸಹಜ. ವಾರಕ್ಕೆ ನಾಲ್ಕು ಅಂದರೆ ಅಲ್ಲಿ ಜನ ಕಡಿಮೆ ಇದ್ದಾರೆ ಅಂತ ಅರ್ಥ, ಅದನ್ನು ನಿಮ್ಮ ಆರೋಗ್ಯ ಕೊಟ್ಟು ತುಂಬಬೇಡಿ. ನಾನು ತುಂಬಿದ್ದೇನೆ. ಮೂವತ್ತೊಂದನೇ ವಯಸ್ಸಿಗೆ ಬಿಪಿ ಮಾತ್ರೆಯ ಬಗ್ಗೆ ಬರೆಯುತ್ತಾ ಅದನ್ನೇ ನುಂಗುತ್ತಿದ್ದೆ.

ಎಐ ವಿಷಯದಲ್ಲಿ ನಿಮ್ಮನ್ನು ಸಮಾಧಾನ ಮಾಡಲು ಸುಳ್ಳು ಹೇಳಲ್ಲ. ಮೊದಲ ಕರಡು, ಪ್ರಬಂಧದ ಸಾರಾಂಶ, ಒಂದೇ ವಿಷಯವನ್ನು ಹತ್ತು ಅಳತೆಗೆ ಬರೆಯೋದು, ಇವು ಆಗಲೇ ಯಂತ್ರದ ಕೈಗೆ ಹೋಗಿವೆ. ಇವೇ ಜೂನಿಯರ್‌ಗಳು ಕೈ ಪಳಗಿಸುತ್ತಿದ್ದ ಕೆಲಸಗಳು. ಹಾಗಾಗಿ ಹೊಸಬರಿಗೆ ಜಾಗ ಮೊದಲಿಗಿಂತ ಬಿಗಿ ಇದೆ. ಆದರೆ ಆ ಯಂತ್ರ ಇಲ್ಲದ ಪ್ರಬಂಧವನ್ನು ಇದೆ ಅಂತ ಹೇಳಿ, ಲೇಖಕರ ಹೆಸರು, ವರ್ಷ, ಪುಟ ಎಲ್ಲ ಸೇರಿಸಿ ಕೊಟ್ಟುಬಿಡುತ್ತದೆ. ನೋಡಲು ಅಸಲಿ ಥರವೇ ಇರುತ್ತದೆ. ಆ ಸಣ್ಣ ಅಂಕಿಯ ಹಿಂದೆ ನಿಜವಾದ ಪುಟ, ನಿಜವಾದ ಸಾಲು ಇದೆಯಾ ಅಂತ ತೆರೆದು ನೋಡುವ ಮನುಷ್ಯರು ಬೇಕೇ ಬೇಕು, ಯಾಕೆಂದರೆ ತಪ್ಪಾದರೆ ಉತ್ತರ ಕೊಡಬೇಕಾದವರು ಮನುಷ್ಯರೇ. ನೀವು ಆ ಕೆಲಸವನ್ನು ಮೊದಲ ದಿನದಿಂದ ಹಿಡಿದುಕೊಳ್ಳಿ. ಇನ್ನೊಂದು ಎಚ್ಚರ. ಕ್ಲೈಂಟಿನ ಇನ್ನೂ ಹೊರಗೆ ಬರದ ಮಾಹಿತಿಯನ್ನು ಪುಕ್ಕಟೆ ಸಿಗುವ ಎಐ ತಾಣಕ್ಕೆ ಹಾಕಬೇಡಿ. ಅದಕ್ಕೇ ಕೆಲಸ ಹೋಗಬಹುದು.

ಊರಿಂದ ಕೆಲಸ ಮಾಡೋದು ಆಗುತ್ತದೆ, ನಾನು ಮಾಡುತ್ತಿದ್ದೇನೆ. ಆದರೆ ಶುರುವಿನಲ್ಲೇ ಬೇಡ. ಕನಿಷ್ಠ ಎರಡು ವರ್ಷ ಆಫೀಸಿನಲ್ಲಿ ಕೂರಿ. ಸೀನಿಯರ್ ಒಬ್ಬರು ನಿಮ್ಮ ಹಾಳೆಯ ಮೇಲೆ ಪೆನ್ನು ಹಿಡಿದು ಯಾಕೆ ಈ ಪದ ಹೊಡೆದರು ಅನ್ನೋದು, ಆರ್ಟ್ ಡೈರೆಕ್ಟರ್ ನಿಮ್ಮ ಮೂರು ಸಾಲನ್ನು ಒಂದು ಚಿತ್ರ ಮಾಡಿ ತೋರಿಸೋದು, ಇವು ವಿಡಿಯೊ ಕಾಲಿನಲ್ಲಿ ಬರಲ್ಲ. ಆಮೇಲೆ ಊರಿಗೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕದ್ದೇ ಪರೀಕ್ಷೆ. ಮರ ಬಿದ್ದು ಕರೆಂಟು ಹೋದರೆ ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಬರದೇ ಇರೋದು ನಿಮಗೆ ನಾನು ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಏನಾಯಿತು ಅಂತಲೂ ಗೊತ್ತು. ನಾನು ಎರಡು ಬೇರೆ ಬೇರೆ ಕಂಪನಿಯ ಇಂಟರ್‌ನೆಟ್ ಇಟ್ಟಿದ್ದೇನೆ, ದೊಡ್ಡ ಬ್ಯಾಟರಿಯ ಇನ್ವರ್ಟರ್ ಇದೆ, ಮಳೆಗಾಲದಲ್ಲಿ ಬೇಕಾದ ಪ್ರಬಂಧಗಳನ್ನೆಲ್ಲ ಮೊದಲೇ ಇಳಿಸಿಕೊಂಡಿರುತ್ತೇನೆ, ಜುಲೈ ತಿಂಗಳಲ್ಲಿ ನಾಳೆಗೇ ಬೇಕು ಅನ್ನುವ ಕೆಲಸ ಒಪ್ಪಲ್ಲ. ಮಳೆ ಜೋರಾದ ವಾರ ಮೈಸೂರಿನಲ್ಲಿ ತಂಗಿಯ ಮನೆಗೆ ಹೋಗಿ ಕೂರುತ್ತೇನೆ. ಒಬ್ಬರೇ ಸ್ವಂತವಾಗಿ ಕೆಲಸ ಮಾಡುವಾಗ ದುಡ್ಡು ಬರೋದು ಬಹಳ ತಡ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ, ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನದೊಳಗೆ ಕೊಡಬೇಕು ಅಂತ ಬಿಲ್ಲಿನ ಕೆಳಗೆ ಬರೆಯಬಹುದು. ಬರೆದರೆ ಸ್ವಲ್ಪ ಬೇಗ ಬರುತ್ತದೆ.

ಈ ಏಜೆನ್ಸಿಗೆ ಇಲ್ಲ ಅಂದರೆ ನಿಮಗೆ ಬೇರೆ ದಾರಿ ಇಲ್ಲ ಅಂತೇನೂ ಇಲ್ಲ. ಕ್ಲಿನಿಕಲ್ ಟ್ರಯಲ್ ನಡೆಸುವ ಸಂಸ್ಥೆಗಳಲ್ಲಿ ರೆಗ್ಯುಲೇಟರಿ ರೈಟಿಂಗ್, ಅಂದರೆ ಔಷಧಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆಗಳಿಗೆ ದಾಖಲೆ ಬರೆಯುವ ಕೆಲಸ, ಅಂತ ಇದೆ. ಸಂಬಳ ಸ್ಥಿರ, ರಾತ್ರಿ ಕೆಲಸ ಕಡಿಮೆ, ಮಾರಾಟದ ಒತ್ತಡ ಇಲ್ಲ. ಆದರೆ ಅಚ್ಚಿನಲ್ಲಿ ಹಾಕಿದ ಹಾಗೆ ಬರೆಯಬೇಕು, ಮತ್ತು ಎಂ.ಫಾರ್ಮ ಅಥವಾ ಅನುಭವ ಕೇಳುತ್ತಾರೆ. ಅಂಗಡಿಯಲ್ಲೇ ಇದ್ದುಕೊಂಡು ಕನ್ನಡದ ರೋಗಿ ಕರಪತ್ರಗಳ ಅನುವಾದ ಶುರು ಮಾಡಬಹುದು, ಮನೆಯೂ ಬಿಡಬೇಕಾಗಿಲ್ಲ. ಅದರಲ್ಲಿ ಕೆಲಸ ಬಿಟ್ಟು ಬಿಟ್ಟು ಬರುತ್ತದೆ, ತಿದ್ದಿ ಹೇಳಿಕೊಡುವವರು ಯಾರೂ ಇರಲ್ಲ. ದುಬಾರಿ ಮೆಡಿಕಲ್ ರೈಟಿಂಗ್ ಕೋರ್ಸಿಗೆ ಮಾತ್ರ ಸೇರಬೇಡಿ. ನನ್ನನ್ನು ಇಷ್ಟು ವರ್ಷದಲ್ಲಿ ಯಾರೂ ಸರ್ಟಿಫಿಕೇಟ್ ಕೇಳಿಲ್ಲ, ಬರೆದದ್ದು ತೋರಿಸಿ ಅಂದಿದ್ದಾರೆ.

ಮೇಲಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ, ಹೋಗಿ ಅಂತ ನಾನು ಹೇಳುತ್ತೇನೆ. ರಾಜ್ಯ ಫಾರ್ಮಸಿ ಕೌನ್ಸಿಲ್‌ನ ನಿಮ್ಮ ನೋಂದಣಿಯನ್ನು ಮಾತ್ರ ಬಿಡಬೇಡಿ, ಸಮಯಕ್ಕೆ ಸರಿಯಾಗಿ ನವೀಕರಿಸುತ್ತಿರಿ. ಅದಿದ್ದರೆ ಯಾವ ದಿನ ಬೇಕಾದರೂ ವಾಪಸ್ ಬಂದು ಕೌಂಟರಿನಲ್ಲಿ ನಿಲ್ಲಬಹುದು. ಆಫರ್ ಲೆಟರಿನಲ್ಲಿ ಬಾಂಡ್ ಇದೆಯಾ, ನೋಟಿಸ್ ಅವಧಿ ಎಷ್ಟು, ಕೈಗೆ ಬರುವುದು ಎಷ್ಟು ಅಂತ ನೋಡಿ.

ಹತ್ತು ದಿನ ಇದೆ ಅಂದಿರಿ. ನಾಳೆ ಅಂಗಡಿಯಲ್ಲಿ ಹೆಚ್ಚು ಹೋಗುವ ಒಂದು ಮಾತ್ರೆ ಆರಿಸಿಕೊಳ್ಳಿ. ವೈದ್ಯಕೀಯ ಪ್ರಬಂಧಗಳ ತಾಣವಾದ ಪಬ್‌ಮೆಡ್‌ನಲ್ಲಿ ಪುಕ್ಕಟೆ ಸಿಗುವ ಒಂದು ಪ್ರಬಂಧ ಪೂರ್ತಿ ಓದಿ, ಚಿಕ್ಕಪ್ಪನಿಗೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ, ನಿಮ್ಮ ಅಪ್ಪನಿಗೆ ಒಂದು ಪುಟ ಕನ್ನಡದಲ್ಲಿ. ಚಿಕ್ಕಪ್ಪನ ಕೈಗೆ ಕೆಂಪು ಪೆನ್ನು ಕೊಡಿ. ಅವರಿಗಿಂತ ಒಳ್ಳೆಯ ಪರೀಕ್ಷಕರು ಆ ಏಜೆನ್ಸಿಯಲ್ಲೂ ಸಿಗಲಿಕ್ಕಿಲ್ಲ. ಬರೆಯುವಾಗ ಹೊತ್ತು ಹೋದದ್ದೇ ಗೊತ್ತಾಗದಿದ್ದರೆ, ಈ ಕೆಲಸ ನಿಮಗೆ ಹಿಡಿಸುತ್ತದೆ.

ಮತ್ತೆ ಒಂದು, ಸೇರುವ ಮುಂಚೆಯೇ ರಜೆ ಮಾತಾಡಿಕೊಳ್ಳಿ. ನಿಮ್ಮ ಕಡೆ ರೋಬಸ್ಟಾ ಕೊಯ್ಲು ಜನವರಿ, ಫೆಬ್ರವರಿಯಲ್ಲಿ. ಏಜೆನ್ಸಿಯಲ್ಲಿ ಕ್ಲೈಂಟುಗಳು ವರ್ಷದ ಬಜೆಟ್ ಮುಗಿಸಲು ಅವಸರ ಮಾಡೋದೂ ಅದೇ ಹೊತ್ತಿಗೆ ಶುರುವಾಗಿ ಮಾರ್ಚ್ ತನಕ ಇರುತ್ತದೆ. ಅಪ್ಪನಿಗೆ ಆಳು ಸಿಗದೇ ನೀವು ಬೇಕು ಅನ್ನುವಾಗ ಅಲ್ಲಿ ರಜೆ ಸಿಗದೇ ಇರಬಹುದು. ಜನವರಿಯಲ್ಲಿ ಒಂದು ವಾರ ಊರಿಗೆ ಹೋಗಲೇಬೇಕು ಅಂತ ಈಗಲೇ ಮೇಲ್‌ನಲ್ಲಿ ಬರೆದು, ಅವರ ಉತ್ತರವನ್ನು ಇಟ್ಟುಕೊಳ್ಳಿ.